ನಸುಕಿನ ಪ್ರಾರ್ಥನೆ, ಹತ್ತು ಗಂಟೆಯ ಕರೆ

ಒಂಬತ್ತು ವರ್ಷ ನಾನು ಸಾಲ ವಸೂಲಿಯ ಕೆಲಸದಲ್ಲಿದ್ದೆ. ಬಾಗಿಲಿಗೆ ಹೋಗಿ ನಿಲ್ಲುವುದಲ್ಲ, ಫೋನಿನ ಕೆಲಸ. ಕಂತು ತಪ್ಪಿದವರ ಪಟ್ಟಿ ಬೆಳಿಗ್ಗೆ ಹತ್ತಕ್ಕೆ ಕೈಗೆ ಬರುತ್ತಿತ್ತು. ಸಾಲಗಾರ ಫೋನ್ ಎತ್ತದಿದ್ದರೆ ಅವನ ಅಣ್ಣನಿಗೆ, ಅತ್ತೆಗೆ, ಅವನು ಕೆಲಸ ಮಾಡುವ ಜಾಗಕ್ಕೆ ಕರೆ ಮಾಡುತ್ತಿದ್ದೆ. ಮಾನ ಹೋಗುತ್ತದೆಂಬ ಹೆದರಿಕೆ ಹುಟ್ಟಿದರೆ ಹಣ ಬೇಗ ಹೊರಡುತ್ತದೆ. ಅದನ್ನು ಹುಟ್ಟಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು.

ದೇವರ ಕಡೆ ತಿರುಗಿದ್ದು ಆ ಕೆಲಸದ ಬಗ್ಗೆ ಹೇಸಿಗೆ ಹುಟ್ಟಿ ಅಲ್ಲ. ನನಗೇ ಒಂದು ಸಾಲವಿತ್ತು, ಹೆಂಡತಿಗೆ ಹೇಳಿರಲಿಲ್ಲ. ನಿದ್ದೆ ಬಾರದ ಒಂದು ನಸುಕಿನಲ್ಲಿ ಎದ್ದು ಕೂತು, ಚಿಕ್ಕಂದಿನಲ್ಲಿ ಬಾಯಿಪಾಠವಾಗಿದ್ದ ಪ್ರಾರ್ಥನೆಯೊಂದನ್ನು ಹೇಳಿಕೊಂಡೆ. ಮುಗಿದ ಮೇಲೆ ಯಾರೋ ಕೇಳಿಸಿಕೊಂಡರು ಅನ್ನಿಸಿತು. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಆದರೆ ಮರುದಿನವೂ ಎದ್ದೆ. ಅದರ ಮರುದಿನವೂ. ನಾನು ಯಾವ ಹೆಸರಿನಿಂದ ದೇವರನ್ನು ಕರೆಯುತ್ತೇನೆಂದು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಕೆಲವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ, ಕೆಲವರು ಅದಕ್ಕಾಗಿಯೇ ಓದುತ್ತಾರೆ.

ನಾಲ್ಕು ತಿಂಗಳು ಹೀಗೆ ನಡೆಯಿತು: ನಸುಕಿನಲ್ಲಿ ಪ್ರಾರ್ಥನೆ, ಹತ್ತಕ್ಕೆ ಅದೇ ಬಾಯಲ್ಲಿ ಗದರಿಕೆ. ಎರಡರ ನಡುವೆ ಏನೂ ತೊಡಕು ಕಾಣಲಿಲ್ಲ. ಆಮೇಲೊಂದು ದಿನ, ಸಾಲಗಾರನೊಬ್ಬನ ಪಕ್ಕದ ಮನೆಯ ನಂಬರ್ ಒತ್ತುತ್ತಿದ್ದಾಗ, ಅಂದು ಬೆಳಿಗ್ಗೆ ನಾನು ಕೇಳಿಕೊಂಡಿದ್ದು ನೆನಪಾಯಿತು. 'ನನ್ನ ಸಾಲದ ವಿಷಯ ಯಾರಿಗೂ ತಿಳಿಯದ ಹಾಗೆ ನೋಡಿಕೋ' ಎಂದು ಕೇಳಿದ್ದೆ. ಬೆರಳು ಅಲ್ಲೇ ನಿಂತಿತು. ನನಗೆ ಬೇಕಾದ ಮರೆಯನ್ನು ಇನ್ನೊಬ್ಬನಿಂದ ಕಿತ್ತುಕೊಳ್ಳಲು ಹೊರಟಿದ್ದೆ. ನನ್ನ ದಿಕ್ಕು ತಿರುಗಿದ್ದು ಎಲ್ಲಿ ಎಂದು ಕೇಳಿದರೆ ನಾನು ಆ ನಸುಕನ್ನಲ್ಲ, ಈ ಗಳಿಗೆಯನ್ನು ತೋರಿಸುತ್ತೇನೆ.

ಅಂದು ರಾತ್ರಿಯೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅತ್ತಳು. ಎರಡು ವಾರ ಮಾತು ಬಿಟ್ಟಳು. ಆಮೇಲೆ ಒಂದು ಸಂಜೆ ಹಾಳೆ ತಂದು ಮುಂದಿಟ್ಟು, 'ಎಷ್ಟಿದೆ ಅಂತ ಬರೀರಿ' ಅಂದಳು.

ಕೆಲಸ ತಕ್ಷಣ ಬಿಡಲಿಲ್ಲ. ನೆಂಟರಿಗೆ, ನೆರೆಯವರಿಗೆ ಕರೆ ಮಾಡುವುದನ್ನು ಮಾತ್ರ ನಿಲ್ಲಿಸಿದೆ. ನನ್ನ ವಸೂಲಿ ಇಳಿಯಿತು, ಮೇಲಿನವರ ಬೈಗುಳ ಏರಿತು. ಪೂರ್ತಿ ಹೊರಬರಲು ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಆ ತಡವೇ ನನ್ನನ್ನು ತುಂಬಾ ಕಾಡಿತು. ನಂಬಿಕೆ ನಿಜವಾಗಿದ್ದರೆ ಇಷ್ಟು ದಿನ ಇಲ್ಲಿ ಕೂರುತ್ತಿದ್ದೆನೇ?

ಆಗ ನನಗೆ ಆಸರೆಯಾದದ್ದು ಎರಡು ಹಳೆಯ ಬದುಕುಗಳು. ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕ 1748ರಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ದೇವರ ಮೊರೆಹೊಕ್ಕ. ಆದರೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲೇ ದುಡಿದ. ಆ ವ್ಯಾಪಾರವನ್ನು ಖಂಡಿಸಿ ಅವನು ಬರೆದದ್ದು 1788ರಲ್ಲಿ, ನಲವತ್ತು ವರ್ಷದ ನಂತರ! ಇನ್ನೊಂದು ಅಶೋಕನ ಮಾತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಶಾಸನದಲ್ಲಿ ಅವನೇ ಹೇಳಿಕೊಂಡಿದ್ದಾನೆ: ಉಪಾಸಕನಾಗಿ, ಅಂದರೆ ಸನ್ಯಾಸಿಯಾಗದೆ ಬುದ್ಧನ ದಾರಿ ಹಿಡಿದು, ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲ, ಸಂಘದ, ಅಂದರೆ ಭಿಕ್ಷುಗಳ ಬಳಗದ, ಹತ್ತಿರ ಹೋದ ಮೇಲೆ ಶ್ರಮಿಸಿದೆ ಎಂದು. ಚಕ್ರವರ್ತಿಯೊಬ್ಬ ತನ್ನ ಸಡಿಲ ವರ್ಷವನ್ನು ಕಲ್ಲಿನಲ್ಲಿ ಕೊರೆಸಿದ್ದಾನೆ. ಅದನ್ನು ಓದಿದ ದಿನ ಎದೆ ಹಗುರವಾಯಿತು. ಅದು ನನ್ನ ಸೋಮಾರಿತನಕ್ಕೆ ನೆಪವಾಗಬಾರದೆಂಬ ಎಚ್ಚರವೂ ಹುಟ್ಟಿತು.

ಅಶೋಕನ ಮಾತಿನಲ್ಲಿ ನಾನು ಗಟ್ಟಿಯಾಗಿ ಹಿಡಿದದ್ದು ಸಂಘ ಎಂಬ ಪದವನ್ನು. ಒಬ್ಬನೇ ಕೂತಿದ್ದಾಗ ನನ್ನ ಪ್ರಾರ್ಥನೆ ನನಗೆ ಬೇಕಾದ ಕಡೆಗೇ ಬಾಗುತ್ತಿತ್ತು. ವಾರಕ್ಕೊಮ್ಮೆ ಹಿರಿಯರೊಬ್ಬರ ಎದುರು ಕೂತು, ಆ ವಾರ ಯಾರ ಮನಸ್ಸು ನೋಯಿಸಿದೆ ಎಂದು ಹೇಳತೊಡಗಿದ ಮೇಲೆ ಅದು ನೆಟ್ಟಗಾಯಿತು. ಅವರು ಉಪದೇಶ ಮಾಡುತ್ತಿರಲಿಲ್ಲ. 'ಅವರ ಹತ್ತಿರ ಹೋಗಿದ್ದೆಯಾ?' ಎಂದು ಕೇಳುತ್ತಿದ್ದರು, ಅಷ್ಟೇ. ಉಪವಾಸ, ದೊಡ್ಡ ದೊಡ್ಡ ಹರಕೆಗಳನ್ನೂ ಮಾಡಿ ನೋಡಿದೆ, ನನಗೆ ಅವು ಹಿಡಿಸಲಿಲ್ಲ. ಮನೆಯವರನ್ನು ನನ್ನ ದಾರಿಗೆ ಎಳೆಯಲು ಹೋದದ್ದು ಮಾತ್ರ ದೊಡ್ಡ ತಪ್ಪು. ಮಗಳು ಇವತ್ತಿಗೂ ನಾನು ಕೂರುವ ಹೊತ್ತಿಗೆ ಕೋಣೆಯಿಂದ ಎದ್ದು ಹೋಗುತ್ತಾಳೆ.

ಈಗ ಸಾಲದಲ್ಲಿ ಸಿಕ್ಕಿಬಿದ್ದವರ ಜೊತೆ ಕೂತು ಲೆಕ್ಕ ಬಿಡಿಸುತ್ತೇನೆ. ಮೊದಲು ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಸುತ್ತೇನೆ. ಬಡ್ಡಿ ಹೆಚ್ಚಿರುವುದು ಮೇಲೆ. ಸಾಲ ಕೊಟ್ಟವರ ಜೊತೆ ಏನೇ ಒಪ್ಪಂದವಾದರೂ ಬರಹದಲ್ಲೇ ಪಡೆಯಿರಿ ಎನ್ನುತ್ತೇನೆ. ಮನೆಯಲ್ಲಿ ಒಬ್ಬರಿಗಾದರೂ ಹೇಳಿದ್ದೀರಾ ಎಂದು ಕೇಳದೆ ಕಳಿಸುವುದಿಲ್ಲ. ಹಳೆಯ ಕೆಲಸದಲ್ಲಿ ಕಲಿತದ್ದೇ ಇಲ್ಲಿ ಬಳಕೆಯಾಗುತ್ತಿದೆ. ವಸೂಲಿಯವರು ಮುಂದೆ ಯಾವ ಮಾತು ಆಡುತ್ತಾರೆಂದು ನನಗೆ ಮೊದಲೇ ಗೊತ್ತಿರುತ್ತದೆ.

ಕೆಲಸ ಬಿಟ್ಟ ವರ್ಷ, ನಾನು ಹೆಚ್ಚು ನೋಯಿಸಿದವರೆಂದು ನೆನಪಿರುವ ಹನ್ನೊಂದು ಹೆಸರುಗಳನ್ನು ಬರೆದಿಟ್ಟುಕೊಂಡೆ. ಏಳು ಜನರನ್ನು ಹುಡುಕಿ ಕ್ಷಮೆ ಕೇಳಿದ್ದೇನೆ. ಇಬ್ಬರು ನನ್ನ ದನಿ ಕೇಳುತ್ತಲೇ ಫೋನ್ ಇಟ್ಟರು. ಒಬ್ಬರು ಪೂರ್ತಿ ಕೇಳಿಸಿಕೊಂಡು, 'ಆವತ್ತು ನನ್ನ ತಮ್ಮನಿಗೆ ಹೇಳಿದಿರಲ್ಲ, ಅವನಿಗೂ ಒಂದು ಮಾತು ಹೇಳಿ' ಎಂದು ಅವನ ನಂಬರ್ ಕೊಟ್ಟರು. ಪಟ್ಟಿಯಲ್ಲಿ ಈಗ ಹನ್ನೆರಡು ಹೆಸರಿವೆ.