ಅರ್ಧಕ್ಕೆ ನಿಂತ ಹಳೇ ಕೆಮರೊ ಮಾರುವುದು ಹೇಗೆ?

ಹಳೇ ಕಾರು ಬಿಚ್ಚುವುದಕ್ಕೆ ಎರಡು ವಾರಾಂತ್ಯ ಸಾಕು. ಜೋಡಿಸುವುದಕ್ಕೆ ಹತ್ತು ವರ್ಷವೂ ಸಾಲದು. ಅಮೆರಿಕದ ಎಷ್ಟೋ ಗ್ಯಾರೇಜುಗಳಲ್ಲಿ ಇದೇ ಕತೆ. ದಿನಾ ಓಡಿಸುವ ಕಾರು ಹೊರಗೆ ಬಿಸಿಲಲ್ಲಿ, ಓಡದ 1969ರ ಷೆವರ್ಲೆ ಕೆಮರೊ ಒಳಗೆ ನೆರಳಲ್ಲಿ. ಕೊನೆಗೆ ಮಾರೋಣ ಅಂದುಕೊಂಡಿರಾ? ಹೀಗೆ ಮಾಡಿ.

ಮೊದಲು ಟೈಟಲ್ ಹುಡುಕಿ. ನಮ್ಮ ಆರ್‌ಸಿ ಇದ್ದ ಹಾಗೆ ಅದು. ಹಿಂದಿನ ಮಾಲೀಕರ ಹೆಸರಲ್ಲೇ ಉಳಿದಿದ್ದರೆ, ಜಾಹೀರಾತಿಗೂ ಮುಂಚೆ ಸರಿಮಾಡಿಸಿ.

ಆಮೇಲೆ ನಂಬರು. ಡ್ರೈವರ್ ಕಡೆ ಡ್ಯಾಶ್‌ಬೋರ್ಡ್ ಮೇಲೆ, ಮುಂದಿನ ಗಾಜಿನಿಂದಲೇ ಕಾಣುವಂತೆ ಒಂದು ಪುಟ್ಟ ತಗಡಿದೆ. ಅದರ ನಂಬರು 124ರಿಂದ ಶುರುವಾದರೆ ಕಾರ್ಖಾನೆಯಿಂದ ಬಂದದ್ದೇ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. 123 ಆದರೆ ಆರು ಸಿಲಿಂಡರಿನದು. ನಡುವೆ ಎನ್ ಇದ್ದರೆ ಒಹಾಯೊದ ನಾರ್ವುಡ್‌ನಲ್ಲಿ, ಎಲ್ ಇದ್ದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ತಯಾರಾದದ್ದು. ಈ ನಂಬರಿನ ಒಂದು ಭಾಗ ಎಂಜಿನ್ ಬ್ಲಾಕಿನ ಮೇಲೂ ಅಚ್ಚಾಗಿರುತ್ತದೆ. ಎರಡೂ ತಾಳೆಯಾದರೆ ಬೆಲೆ ಜಾಸ್ತಿ. ಆಗದಿದ್ದರೆ ನೀವೇ ಹೇಳಿಬಿಡಿ, ಕೊಳ್ಳುವವರು ಟಾರ್ಚ್ ಹಿಡಿದೇ ಬರುತ್ತಾರೆ.

ತುಕ್ಕಿನ ಫೋಟೊ ಮೊದಲು ಹಾಕಿ. ಡಿಕ್ಕಿಯ ತಳ, ಹಿಂದಿನ ಚಕ್ರದ ಸುತ್ತ, ಕಾಲಿಡುವ ಜಾಗ, ಮುಂದಿನ ಗಾಜಿನ ಬುಡ. ಕೆಮರೊ ತುಕ್ಕು ಹಿಡಿಯುವುದೇ ಅಲ್ಲೆಲ್ಲ. ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದರೆ ಅನುಮಾನ ಬರುತ್ತದೆ, ಅಷ್ಟೇ. ಕೊಳ್ಳುವವನ ಕೈಯಲ್ಲೊಂದು ಆಯಸ್ಕಾಂತವೂ ಇರಬಹುದು, ಪುಟ್ಟಿಗೆ ಅದು ಅಂಟುವುದಿಲ್ಲ.

ಇನ್ನು ಬಿಚ್ಚಿಟ್ಟ ಭಾಗಗಳ ಡಬ್ಬಗಳು. ಬೆವರು ಹರಿಯುವ ಕೆಲಸ ಇದೇ. ಎಲ್ಲವನ್ನೂ ನೆಲದ ಮೇಲೆ ಹರಡಿ. ಬಾಗಿಲಿನ ನಟ್ಟು ಬೋಲ್ಟು ಒಂದು ಚೀಲಕ್ಕೆ, ಬ್ರೇಕಿನದು ಇನ್ನೊಂದಕ್ಕೆ. ಮೇಲೆ ಚೀಟಿ ಅಂಟಿಸಿ. ಏನಿದೆ ಅನ್ನುವುದರ ಜೊತೆ ಏನಿಲ್ಲ ಅನ್ನುವುದನ್ನೂ ಪಟ್ಟಿ ಮಾಡಿ. ಹೆಸರಿಲ್ಲದ ಹತ್ತು ಡಬ್ಬ ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ, ಅಲ್ವಾ?

‘ಶೇ. 80ರಷ್ಟು ಕೆಲಸ ಮುಗಿದಿದೆ’ ಅಂತ ಮಾತ್ರ ಬರೆಯಬೇಡಿ. ಯಾರೂ ನಂಬುವುದಿಲ್ಲ. ಏನು ಮುಗಿದಿದೆ, ಯಾವುದಕ್ಕೆ ರಸೀದಿ ಇದೆ, ಅಷ್ಟು ಹೇಳಿ. ಆದರೆ ಆ ರಸೀದಿಗಳನ್ನೆಲ್ಲ ಕೂಡಿ ಬೆಲೆ ಕಟ್ಟಬೇಡಿ. ಹಾಕಿದ ದುಡ್ಡು ಪೂರ್ತಿ ವಾಪಸ್ ಬರುವುದು ಅಪರೂಪ. ಇಂಥದ್ದೇ ಅರೆಬರೆ ಗಾಡಿ ನಿಜಕ್ಕೂ ಎಷ್ಟಕ್ಕೆ ಹೋಯಿತು ನೋಡಿ. ಕೇಳುವ ಬೆಲೆ ಸುಮ್ನೆ ಆಸೆ.

ಹಣದ ವ್ಯವಹಾರ ಕೊಳ್ಳುವವರ ಬ್ಯಾಂಕಿನಲ್ಲೇ ಆಗಲಿ. ನಕಲಿ ಚೆಕ್ಕಿನ ಕಾಟ ಅಮೆರಿಕದಲ್ಲೂ ಇದೆ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಮಾರಿದ 5 ದಿನದೊಳಗೆ ಮೋಟಾರು ವಾಹನ ಇಲಾಖೆಗೆ ತಿಳಿಸಬೇಕು.

ಗಾಡಿ ಟ್ರೇಲರ್ ಏರುವ ಮುಂಚೆ ಅಟ್ಟವನ್ನು ಇನ್ನೊಮ್ಮೆ ನೋಡಿ. ಎಡಗಡೆ ಬಾಗಿಲಿನ ಹಿಡಿ ಅಲ್ಲೇ ಎಲ್ಲೋ ಇರುತ್ತದೆ.