ಲೇಟೆಕ್ (ಪಠ್ಯವನ್ನು ಪುಟಗಳಾಗಿ ಜೋಡಿಸುವ ತಂತ್ರಾಂಶ) ಫೈಲುಗಳಿಂದ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿ ಕಟ್ಟುವವರಿಗೆ

ಪಿಡಿಎಫ್ ಕಟ್ಟಿದ ಮೇಲೆ 'ಇಂಥ ಪುಟ ನೋಡಿ' ಅನ್ನುವಲ್ಲಿ ಪುಟದ ಸಂಖ್ಯೆ ಇರಬೇಕಾದ ಕಡೆ ಎರಡು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ. ಮೊದಲ ಸಲ ಲೇಟೆಕ್ ಯಾವ ವಿಭಾಗ ಎಲ್ಲಿದೆ ಅಂತ ಪಕ್ಕದ ಆಕ್ಸ್ ಫೈಲಿನಲ್ಲಿ ಬರೆದಿಡುತ್ತದೆ ಅಷ್ಟೇ, ಅದನ್ನು ಓದಿ ಸಂಖ್ಯೆ ತುಂಬುವುದು ಮುಂದಿನ ಸಲ. ನಡುವೆ ಮೇಕ್‌ಇಂಡೆಕ್ಸ್ ಓಡಿಸದಿದ್ದರೆ ಪದಸೂಚಿ ಹಳೆಯದೇ ಉಳಿಯುತ್ತದೆ. ಸುಮ್ನೆ ಲೇಟೆಕ್‌ಎಂಕೆ ಬಳಸಿ, ಎಷ್ಟು ಸಲ ಬೇಕೋ ಅಷ್ಟು ಸಲ ಅದೇ ಓಡಿಸುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಕೋಡ್ ಉದಾಹರಣೆಗಳು. ವರ್ಬೇಟಿಮ್ (ಬರೆದದ್ದನ್ನು ಹಾಗೇ ತೋರಿಸಲು ಲೇಟೆಕ್‌ನಲ್ಲಿರುವ ಭಾಗ) ಒಳಗೆ ನೀವು ನೇರ ಕೊಟೇಶನ್ ಹಾಕಿದರೂ ಪಿಡಿಎಫ್‌ನಲ್ಲಿ ಅದು ಬಾಗಿದ ಚಿಹ್ನೆಯಾಗಿಬಿಡಬಹುದು, ಆಗ ಓದುವವರು ಕಾಪಿ ಮಾಡಿ ಓಡಿಸಿದರೆ ಎರರ್ ಬರುತ್ತದೆ, ಪಾಪ ಅವರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ, ಅಲ್ವಾ? ಅಪ್‌ಕೋಟ್ ಪ್ಯಾಕೇಜ್ ಸೇರಿಸಿದರೆ ಇದು ಸರಿಹೋಗುತ್ತದೆ. ಉದ್ದದ ಕೋಡ್ ಸಾಲು ಅಂಚು ದಾಟಿದೆಯಾ ಅಂತ ತಿಳಿಯಲು ಲೇಟೆಕ್ ತನ್ನ ಎಚ್ಚರಿಕೆಗಳನ್ನು ಬರೆದಿಡುವ ಲಾಗ್ ಫೈಲಿನಲ್ಲಿ 'ಓವರ್‌ಫುಲ್' (Overfull) ಹುಡುಕಿ. ಮಾಮೂಲಿ ವಾಕ್ಯದಲ್ಲಿ ಬರುವ ಫಂಕ್ಷನ್ ಹೆಸರಿನ ಅಂಡರ್‌ಸ್ಕೋರ್ ಹಿಂದೆ ಬ್ಯಾಕ್‌ಸ್ಲ್ಯಾಶ್ ಮರೆಯಬೇಡಿ.

ಪೈಥಾನ್ ಭಾಷೆಯ ಕೈಪಿಡಿ 2.6ನೇ ಆವೃತ್ತಿಯಿಂದ ಲೇಟೆಕ್ ಮೂಲ ಬಿಟ್ಟು ಕೈಪಿಡಿ ಕಟ್ಟುವ ಇನ್ನೊಂದು ಸಲಕರಣೆಯಾದ ಸ್ಫಿಂಕ್ಸ್‌ಗೆ ಬಂತು. ಆದರೆ ಸ್ಫಿಂಕ್ಸ್‌ನಲ್ಲೂ ಪಿಡಿಎಫ್ ಸಾಮಾನ್ಯವಾಗಿ ಲೇಟೆಕ್ ಮೂಲಕವೇ ಆಗುತ್ತದೆ, ಹಾಗಾಗಿ ಲಾಗ್ ನೋಡುವ ಅಭ್ಯಾಸ ಅಲ್ಲೂ ಬೇಕು.