ಹಳೇ ಜೆಟ್ ಸ್ಕೀ ಒಳಗೆ ನೀರು ಸೇರದಂತೆ ನಾನು ಮಾಡಿಕೊಂಡದ್ದು

ಹಳೇ ಜೆಟ್ ಸ್ಕೀ (ನೀರಿನ ಮೇಲೆ ಬೈಕಿನಂತೆ ಓಡಿಸುವ ಗಾಡಿ) ಒಳಗೆ ನೀರು ಸೇರುತ್ತಿದೆ ಅಂದರೆ ಸಾಕು, ದೊಡ್ಡ ಬಿಲ್ಜ್ ಪಂಪ್ (ಒಳಗೆ ಸೇರಿದ ನೀರನ್ನು ಆಚೆ ಹಾಕುವ ಬ್ಯಾಟರಿ ಪಂಪ್) ಹಾಕಿಬಿಡಿ ಅನ್ನುವ ಸಲಹೆ ಮೊದಲು ಬರುತ್ತದೆ. ನಾನು ಪಂಪಿನ ಕೆಲಸವನ್ನು ಕೊನೆಗೆ ಇಟ್ಟುಕೊಂಡೆ. ನೀರು ಎಲ್ಲಿಂದ ಬರುತ್ತಿದೆ, ಯಾವಾಗ ಬರುತ್ತಿದೆ ಅಂತ ಗೊತ್ತಿಲ್ಲದೆ ಪಂಪ್ ಹಾಕಿದರೆ ಸೋರುವ ಜಾಗ ಕಣ್ಣಿಗೇ ಬೀಳುವುದಿಲ್ಲ. ಬ್ಯಾಟರಿ ಕೈಕೊಟ್ಟ ದಿನ, ಅದೂ ದಡದಿಂದ ದೂರ ಇರುವಾಗ, ಗೊತ್ತಾಗುತ್ತದೆ.

ನನ್ನದು 1990ರ ದಶಕದ, ನಿಂತು ಓಡಿಸುವ ಗಾಡಿ. ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಫೋರ್-ಸ್ಟ್ರೋಕಿನಲ್ಲಿರುವಂತೆ ಇದರ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಬೇರಿಂಗುಗಳಿಗೆ ಒತ್ತಡದಲ್ಲಿ ಎಣ್ಣೆ ಹರಿದು ಬರುವುದಿಲ್ಲ. ಗಾಳಿ, ಪೆಟ್ರೋಲು, ಜೊತೆಗೆ ಬೆರೆತ ಎಣ್ಣೆ ಎಲ್ಲ ಮೊದಲು ಆ ದಂಡ ಇರುವ ಕ್ರ್ಯಾಂಕ್‌ಕೇಸಿಗೇ ಹೋಗುತ್ತವೆ, ಆ ಬೇರಿಂಗುಗಳನ್ನು ಕಾಯುವುದು ಆ ತೆಳು ಎಣ್ಣೆಯ ಪದರ ಒಂದೇ. ನೀರು ಹೊಕ್ಕರೆ ಅದು ತೊಳೆದು ಹೋಗುತ್ತದೆ, ಉಪ್ಪುನೀರಾದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಸಿಲಿಂಡರಿನಲ್ಲಿ ನೀರು ತುಂಬಿರುವಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಯಾಕೆಂದರೆ ನೀರನ್ನು ಗಾಳಿಯಂತೆ ಅದುಮಲು ಆಗುವುದಿಲ್ಲ. ಹಾಗಾಗಿ ಒಳಗೆ ಸ್ವಲ್ಪ ನೀರು ಇದ್ದರೆ ಏನು ಮಹಾ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ತೂಕದ ಲೆಕ್ಕವೂ ಇದೆ ಅಲ್ವಾ, 20 ಲೀಟರ್ ನೀರು ಅಂದರೆ 20 ಕಿಲೋ, ವೇಗ ಹಿಡಿದಾಗ ಅಷ್ಟೂ ಹಿಂದಕ್ಕೆ ಹರಿದು ಗಾಡಿಯ ಮೂತಿ ಮೇಲೇಳುತ್ತದೆ.

ಮೊದಲು ನೋಡಿದ್ದು, ನಿಲ್ಲಿಸಿದಾಗ ನೀರು ಬರುತ್ತದೋ, ಓಡುವಾಗ ಬರುತ್ತದೋ ಅಂತ. ಹಲ್ (ಗಾಡಿಯ ದೋಣಿಯಂಥ ಮೈ) ಒಳಗೆ ಪೂರ್ತಿ ಒರೆಸಿ ಒಣಗಿಸಿದೆ, ಟ್ಯಾಲ್ಕಂ ಪೌಡರ್ ತೆಳ್ಳಗೆ ಉದುರಿಸಿದೆ. ದಡದ ಹತ್ತಿರ ಕಟ್ಟಿ, ಎಂಜಿನ್ ಆಫ್ ಮಾಡಿ ತೇಲಲು ಬಿಟ್ಟೆ. ನೀರು ಹರಿದ ಕಡೆ ಪೌಡರಿನ ಮೇಲೆ ಗೆರೆ ಮೂಡುತ್ತದೆ, ಆ ಗೆರೆ ಹಿಡಿದು ಹಿಂದಕ್ಕೆ ಹೋದರೆ ಮೂಲ ಸಿಗುತ್ತದೆ. ಇನ್ನೊಂದು ದಾರಿ, ಗಾಡಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲಿಟ್ಟು ಸ್ಟಾರ್ಟರ್ ಮೋಟರ್ ಮುಳುಗದಷ್ಟು ನೀರನ್ನು ಒಳಗೆ ತುಂಬಿ, ಹೊರಗಡೆ ಎಲ್ಲಿ ಜಿನುಗುತ್ತದೆ ಅಂತ ನೋಡುವುದು. ಹಲ್‌ನ ಕೂದಲೆಳೆ ಬಿರುಕು, ಜೆಟ್ ಪಂಪ್ (ನೀರನ್ನು ಹಿಂದಕ್ಕೆ ಚಿಮ್ಮಿ ಗಾಡಿ ಓಡಿಸುವುದು) ಕೂತಿರುವ ಜಾಗದ ಹಳೇ ಸೀಲಂಟ್, ಇವು ಹೀಗೆ ನೋಡಿದರೇ ಸಿಗುವುದು.

ನನ್ನ ಗಾಡಿಯಲ್ಲಿ ನಿಂತಾಗ ನೀರು ಬರುತ್ತಿದ್ದದ್ದು ಸೈಫನ್ ಪೈಪಿನಿಂದ. ಇದರ ಬಗ್ಗೆ ಜಾಸ್ತಿ ಜನ ಯೋಚಿಸುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಷ್ಟೋ ಹಳೇ ಗಾಡಿಗಳಲ್ಲಿ ಕರೆಂಟ್ ಪಂಪ್ ಇರುವುದಿಲ್ಲ. ಹಲ್‌ನ ತಳದಿಂದ ಒಂದು ಸಣ್ಣ ಪೈಪು ಹಿಂದಿನ ಜೆಟ್ ನಾಜಲ್ಲಿಗೆ ಹೋಗುತ್ತದೆ. ನೀರು ಜೋರಾಗಿ ಹೊರಗೆ ಚಿಮ್ಮುವಾಗ ಉಂಟಾಗುವ ಎಳೆತ ಒಳಗಿನ ನೀರನ್ನು ಹೀರಿ ಆಚೆ ಹಾಕುತ್ತದೆ. ಎಂಜಿನ್ ನಿಂತ ಮೇಲೆ ಅದೇ ಪೈಪಿನಲ್ಲಿ ನೀರು ವಾಪಸ್ ಬರಬಾರದು ಅಂತ ಪೈಪನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಬಳಸಿ ತಂದು, ಆ ಬಳಸಿನ ಅತಿ ಮೇಲಿನ ಜಾಗದಲ್ಲಿ ಗಾಳಿಗೆ ಒಂದು ಚಿಕ್ಕ ತೂತು ಇಟ್ಟಿರುತ್ತಾರೆ. ಉಪ್ಪು, ಮಣ್ಣು, ಎಣ್ಣೆ ಜಿಡ್ಡು ಸೇರಿ ಆ ತೂತು ಕಟ್ಟಿಕೊಂಡರೆ ಸೈಫನ್ ಮುರಿಯುವುದಿಲ್ಲ, ಅಂದರೆ ಪೈಪಿನಲ್ಲಿ ನೀರಿನ ಎಳೆತ ನಿಲ್ಲುವುದಿಲ್ಲ, ಸುಮ್ನೆ ತೇಲುತ್ತಿರುವ ಗಾಡಿ ತಾನೇ ನೀರು ಕುಡಿಯುತ್ತಾ ಹೋಗುತ್ತದೆ. ನಾನು ಹೊಸ ಪೈಪು ಹಾಕಿ, ಬಳಸನ್ನು ಹುಡ್ಡಿನ (ಎಂಜಿನ್ ಮೇಲಿನ ಮುಚ್ಚಳದ) ಕೆಳಗೆ ಎಷ್ಟು ಎತ್ತರಕ್ಕೆ ಆಗುತ್ತದೋ ಅಷ್ಟು ಎತ್ತರಕ್ಕೆ ಕಟ್ಟಿದೆ. ತೂತನ್ನು ತೆಳು ತಂತಿಯಿಂದ ಬಿಡಿಸಿದೆ, ದೊಡ್ಡದು ಮಾಡಲಿಲ್ಲ. ದೊಡ್ಡದಾದರೆ ಅಲ್ಲಿಂದ ಗಾಳಿ ಎಳೆದುಕೊಂಡು ನೀರು ಹೀರುವ ಕೆಲಸವೇ ನಿಂತುಹೋಗುತ್ತದೆ.

ಓಡುವಾಗ ಬರುತ್ತಿದ್ದ ನೀರಿಗೆ ಎರಡು ಕಾರಣ. ಒಂದು, ಎಂಜಿನ್ನಿನಿಂದ ಜೆಟ್ ಪಂಪಿಗೆ ಹೋಗುವ ಡ್ರೈವ್ ಶಾಫ್ಟ್ ಹಲ್ ಅನ್ನು ದಾಟುವ ಜಾಗ. ಸೀ-ಡೂ ಬ್ರ್ಯಾಂಡಿನ ಗಾಡಿಗಳಲ್ಲಿ ಅಲ್ಲಿ ಕಾರ್ಬನ್ ರಿಂಗ್ ಮತ್ತು ರಬ್ಬರ್ ಬೆಲೋಸ್ (ಮಡಿಕೆ ಮಡಿಕೆಯ ತೋಳು) ಇರುತ್ತವೆ, ನನ್ನದರಲ್ಲಿ ಬೇರಿಂಗ್ ಹೌಸಿಂಗ್, ಅದರೊಳಗೆ ರಬ್ಬರ್ ತುಟಿಯ ಸೀಲುಗಳು. ಸೀಲು, ಬೇರಿಂಗು ಎರಡನ್ನೂ ಬದಲಿಸಿ ಮರೈನ್ ಗ್ರೀಸ್ ತುಂಬಿದೆ. ಶಾಫ್ಟಿನ ಮೇಲೆ ಸೀಲು ಕೂರುವ ಕಡೆ ಉಗುರಿಗೆ ತಾಕುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲು ಹಾಕಿಯೂ ಪ್ರಯೋಜನ ಇಲ್ಲ, ಅದನ್ನು ಮೊದಲು ನೋಡಿ. ಕೂಲಿಂಗ್ ಪೈಪುಗಳ, ಎಕ್ಸಾಸ್ಟ್ ಪೈಪಿನ ಕ್ಲಾಂಪುಗಳನ್ನೂ ಇದೇ ಹೊತ್ತಿಗೆ ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ಬದಲಿಸಿಬಿಟ್ಟೆ.

ಇನ್ನೊಂದು ಹುಡ್ಡು. ಹಳೇ ರಬ್ಬರ್ ಚಪ್ಪಟೆಯಾಗಿ ಹೋಗಿತ್ತು. ಹುಡ್ಡಿನ ಅಂಚಿಗೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆದು ನೋಡಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಒತ್ತಡ ಇಲ್ಲ ಅಂತ ಅರ್ಥ. ಹೊಸ ಸೀಲಿಗೆ ಕ್ಲೋಸ್ಡ್-ಸೆಲ್ ಸ್ಪಾಂಜ್ ರಬ್ಬರೇ ಆಗಬೇಕು, ಮಾಮೂಲಿ ಫೋಮ್ ನೀರನ್ನು ಹೀರಿಕೊಂಡು ಒಳಗೇ ಇಳಿಸುತ್ತದೆ.

ಹುಡ್ಡು ಸರಿಹೋದ ಮೇಲೆ ಉಳಿದ ದಾರಿ ಗಾಳಿಯದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಇದೇ. ನೀರು ಬರುತ್ತದೆ ಅಂತ ಗಾಳಿಯ ತೂತುಗಳನ್ನು ಟೇಪ್ ಹಾಕಿ ಮುಚ್ಚಿದವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ಉಸಿರಾಡುವುದು ಹಲ್ ಒಳಗಿನ ಗಾಳಿಯನ್ನೇ. ಜೊತೆಗೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ, ಆಚೆ ಹೋಗಲು ದಾರಿ ಇಲ್ಲದಿದ್ದರೆ ಒಂದು ಕಿಡಿ ಸಾಕು. ದಾರಿ ಮುಚ್ಚಬೇಡಿ, ಅದರ ಬಾಯನ್ನು ಎತ್ತರಕ್ಕೆ ಒಯ್ಯಿರಿ. ನಾನು ಎರಡು ಪೈಪು ಹಾಕಿ ಮೇಲಿನ ಬಾಯಿಗಳನ್ನು ಹುಡ್ಡಿನ ಅತಿ ಎತ್ತರದ ಜಾಗಕ್ಕೆ ತಂದು ಹಿಂದಕ್ಕೆ ಬಗ್ಗಿಸಿದೆ, ಎದುರಿನ ಅಲೆ ನೇರವಾಗಿ ಹೊಡೆಯುವುದಿಲ್ಲ. ಒಂದರ ಕೆಳಬಾಯಿ ತಳದ ಹತ್ತಿರ, ಆದರೆ ನೀರು ನಿಲ್ಲುವ ಮಟ್ಟಕ್ಕಿಂತ ಮೇಲೆ. ಯಾವುದರ ಬಾಯಿಯೂ ಕಾರ್ಬ್ಯುರೇಟರಿನ ಕಡೆ ತಿರುಗಿಲ್ಲ. ಎರಡೂ ಪೈಪುಗಳ ಬಾಯಿಯ ಒಟ್ಟು ವಿಸ್ತೀರ್ಣ ಮೊದಲಿನ ದಾರಿಗಿಂತ ಕಡಿಮೆ ಆಗಬಾರದು, ಕಡಿಮೆಯಾದರೆ ಫುಲ್ ಥ್ರಾಟಲಿನಲ್ಲಿ ಎಂಜಿನ್ನಿಗೆ ದಮ್ಮು ಸಾಲುವುದಿಲ್ಲ. ಫ್ಲೇಮ್ ಅರೆಸ್ಟರನ್ನು (ಎಂಜಿನ್ನಿನ ಬೆಂಕಿ ಹೊರಗೆ ಬರದಂತೆ ತಡೆಯುವ ಜಾಲರಿ) ಹಾಗೇ ಉಳಿಸಿಕೊಂಡು, ಅದರ ಮೇಲೆ ನೀರು ಹಿಡಿಯದ ಬಟ್ಟೆಯ ಕವರ್ ಹಾಕಿದೆ.

ಕೊನೆಗೆ ಬಿಲ್ಜ್ ಪಂಪ್. ಗಂಟೆಗೆ 500 ಗ್ಯಾಲನ್ ಅಂತ ಬರೆದಿರುವ ಚಿಕ್ಕದು, ಅಂದರೆ ಸುಮಾರು 1,900 ಲೀಟರ್. ಪೈಪು ಮೇಲೇರಿ ಬಳಸಿ ಹೋಗುವಾಗ ಅಷ್ಟು ಬರುವುದಿಲ್ಲ, ಒಳಗೆ ನುಣುಪಾದ ಪೈಪು ಹಾಕಿದರೆ ವಾಸಿ. ಹೊರಬಾಯಿ ನೀರಿನ ಮಟ್ಟಕ್ಕಿಂತ ಮೇಲಿರಲಿ, ಫ್ಯೂಸ್ ಬ್ಯಾಟರಿಯ ಹತ್ತಿರ ಇರಲಿ, ಪಂಪು ಮತ್ತು ಸ್ವಿಚ್ಚು ಕಿಡಿ ಹಾರದ ಮರೈನ್ ತರದ್ದೇ ಆಗಿರಲಿ.

ಗಾಡಿ ಮಗುಚಿದರೆ ಹಿಂದೆ ಅಂಟಿಸಿರುವ ಬಾಣದ ಗುರುತಿನ ಕಡೆಗೇ ತಿರುಗಿಸಿ. ಉಲ್ಟಾ ತಿರುಗಿಸಿದರೆ ಎಕ್ಸಾಸ್ಟಿನ ವಾಟರ್ ಬಾಕ್ಸ್‌ನಲ್ಲಿರುವ ನೀರು ಎಂಜಿನ್ನಿಗೆ ಇಳಿಯಬಹುದು, ಮಾಡಿದ ಸೀಲಿಂಗ್ ಕೆಲಸ ಯಾವುದೂ ಅದನ್ನು ತಡೆಯುವುದಿಲ್ಲ.

ಈಗ ಪ್ರತಿ ಸಲ ಮೇಲಕ್ಕೆ ತಂದ ಮೇಲೆ ಡ್ರೈನ್ ಪ್ಲಗ್ ತೆಗೆದು ಬರುವ ನೀರನ್ನು ಪಾತ್ರೆಗೆ ಹಿಡಿಯುತ್ತೇನೆ. ಸಾಮಾನ್ಯವಾಗಿ ಒಂದು ಲೋಟವೂ ಇರುವುದಿಲ್ಲ. ಯಾವತ್ತಾದರೂ ಜಾಸ್ತಿ ಕಂಡರೆ ಮೊದಲು ಸೈಫನ್ನಿನ ತೂತು, ಆಮೇಲೆ ಶಾಫ್ಟ್ ಸೀಲು, ಅದಾದ ಮೇಲೆ ಹುಡ್ಡು, ಈ ಕ್ರಮದಲ್ಲಿ ನೋಡುತ್ತೇನೆ.